ಎಣ್ಣೆ ಡಬ್ಬದ ಒಲೆ, ಅಕ್ಕಿ ಡಬ್ಬದ ಪಾತ್ರೆ, ನಡುವೆ ಒಂದೂಕಾಲು ಸೆಂಟಿಮೀಟರ್

ಗುಜರಿ ಅಂಗಡಿಯಲ್ಲಿ ಡಬ್ಬಗಳಿಗೆ ಬರವಿಲ್ಲ. ಹದಿನೈದು ಕೆ.ಜಿ. ಎಣ್ಣೆ ಡಬ್ಬ, ಮದುವೆ ಮನೆಯಿಂದ ಬಂದ ರಸಗುಲ್ಲದ ಡಬ್ಬ, ನೆಗ್ಗಿದ ಸ್ಟೀಲ್ ಅಕ್ಕಿ ಡಬ್ಬ, ಹಿಡಿ ಮುರಿದ ಕುಕ್ಕರ್, ಪೇಂಟ್ ಡಬ್ಬ, ಜಿ.ಐ. ಬಕೆಟ್ಟು, ವೆಲ್ಡಿಂಗ್‌ನವರ ಕಾರ್ಬೈಡ್ ಡ್ರಮ್ಮು ಎಲ್ಲವೂ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ತೋಟದ ಮನೆಯಲ್ಲೋ ಕಣದಲ್ಲೋ ಹತ್ತು ಜನಕ್ಕೆ ಅನ್ನ ಸಾರು ಮಾಡಲು ಒಂದು ಬಯಲ ಪಾತ್ರೆ, ಅದಕ್ಕೆ ಹೊಂದುವ ಒಲೆ ಎರಡನ್ನೂ ಈ ರಾಶಿಯಿಂದಲೇ ಎತ್ತಬಹುದು. ಬಹಳ ಮಂದಿ ಮಾಡಿಯೂ ಮಾಡುತ್ತಾರೆ. ಆದರೆ ಮಾಡಿದ್ದರಲ್ಲಿ ಅರ್ಧಕ್ಕರ್ಧ ಹೊಗೆ ಕಕ್ಕುತ್ತವೆ, ಅನ್ನದ ತಳ ಹಿಡಿಸುತ್ತವೆ, ಮೂರು ಕಲ್ಲಿನ ಒಲೆಗಿಂತ ಹೆಚ್ಚು ಸೌದೆ ತಿನ್ನುತ್ತವೆ. ಕಾರಣ ಹೆಚ್ಚಿನ ಸಲ ಒಂದೇ: ಡಬ್ಬ ನೋಡಿ ಕೆಲಸ ಶುರು ಮಾಡಿರುತ್ತಾರೆ, ಡಬ್ಬಕ್ಕೂ ಬೆಂಕಿಗೂ ನಡುವಿನ ಜಾಗವನ್ನು ಅಳೆದೇ ಇರುವುದಿಲ್ಲ.

ಇಲ್ಲಿ ಹೇಳುವುದು ಮೂರು ಭಾಗದ ಸಾಮಾನು. 20 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಸ್ಟೀಲ್ ಡಬ್ಬದಿಂದ ತೂಗುಹಿಡಿ ಇರುವ ಪಾತ್ರೆ. ಎಣ್ಣೆ ಡಬ್ಬದೊಳಗೆ ಕೂರಿಸಿದ ರಾಕೆಟ್ ಒಲೆ, ಅಂದರೆ ನೆಟ್ಟಗಿನ ಕೊಳವೆಯೊಳಗೆ ಉರಿಯುವ ಸೌದೆ ಒಲೆ. ಇನ್ನೊಂದು ಎಣ್ಣೆ ಡಬ್ಬವನ್ನು ಬಿಚ್ಚಿ, ಪಾತ್ರೆಯ ಸುತ್ತ ಸುತ್ತುವ ತಗಡಿನ ಬಳೆ. ಈ ಬಳೆಯನ್ನು ಬಿಟ್ಟು ಉಳಿದೆರಡನ್ನು ಮಾತ್ರ ಮಾಡುವವರೇ ಹೆಚ್ಚು. ಅಲ್ಲೇ ಕೆಡುವುದು.

ಯಾವ ಡಬ್ಬ ಬೇಡ

ಮೊದಲು ಬೇಡದ್ದನ್ನು ತೆಗೆದಿಡೋಣ. ಕೀಟನಾಶಕ, ಕಳೆನಾಶಕ ತುಂಬಿದ್ದ ಡಬ್ಬವನ್ನು ಎಷ್ಟು ತೊಳೆದರೂ ಅಡುಗೆಯ ಹತ್ತಿರ ತರಬಾರದು. ಒಲೆಯ ಹೊರಮೈಗೂ ಬೇಡ. ಪೇಂಟ್, ಥಿನ್ನರ್, ಪೆಟ್ರೋಲ್ ಡಬ್ಬಗಳಿಗೆ ಗ್ರೈಂಡರ್ ಹಚ್ಚಿದರೆ ಒಳಗೆ ಉಳಿದ ಆವಿಗೆ ಕಿಡಿ ಸಾಕು, ಸಿಡಿಯುತ್ತದೆ. ಕಾರ್ಬೈಡ್ ಡ್ರಮ್ಮಿನ ಕಥೆ ಇನ್ನೂ ವಿಚಿತ್ರ. ಉಳಿದ ಡಬ್ಬಗಳಿಗೆ ನೀರು ತುಂಬಿ ಕತ್ತರಿಸುವುದು ಜಾಣತನ, ಇದಕ್ಕೆ ನೀರು ತಾಗಿಸಿದರೇ ಕಿಡಿಗೆ ಸಿಡಿಯುವ ಅಸಿಟಿಲಿನ್ ಅನಿಲ ಏಳುತ್ತದೆ. ಮುಟ್ಟದಿರುವುದೇ ಲೇಸು.

ಜಿ.ಐ. ಬಕೆಟ್ಟು ನೋಡಲು ಗಟ್ಟಿಮುಟ್ಟಾಗಿರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಅದರ ಮೇಲಿನ ಲೇಪ ಸತು. ಹುಣಸೆಹುಳಿ, ಟೊಮ್ಯಾಟೊ, ಮಜ್ಜಿಗೆ ಬಿದ್ದರೆ ಸತು ಕರಗಿ ಸಾರಿಗೆ ಸೇರುತ್ತದೆ, ವಾಂತಿ ತರಿಸುತ್ತದೆ. ಬೆಂಕಿಗೆ ನೇರ ಸಿಕ್ಕರೆ 419 ಡಿಗ್ರಿಗೆ ಸತು ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಒಳ್ಳೆಯ ರಾಕೆಟ್ ಒಲೆಯ ಜ್ವಾಲೆ ಆ ಮಟ್ಟ ಮುಟ್ಟುತ್ತದೆ. ಆಗ ಏಳುವ ಬಿಳಿ ಹೊಗೆ ಕುಡಿದರೆ ಕೆಲವೇ ಗಂಟೆಗಳಲ್ಲಿ ಚಳಿಜ್ವರ ಹಿಡಿಯುತ್ತದೆ, ವೆಲ್ಡಿಂಗ್ ಮಾಡುವವರಿಗೆ ಇದು ಹೊಸದಲ್ಲ. ಆದ್ದರಿಂದ ಪಾತ್ರೆಗೂ ಬೇಡ, ಉರಿಗೂಡಿಗೂ ಬೇಡ.

ಎಣ್ಣೆ ಡಬ್ಬದಲ್ಲೇ ನೇರ ಅಡುಗೆ ಮಾಡಿದರೇನು ಎಂದು ಕೇಳುವವರಿದ್ದಾರೆ. ಅದು ತವರ ಬಳಿದ ಕಬ್ಬಿಣದ ತಗಡು. ತವರ 232 ಡಿಗ್ರಿಗೆ ಕರಗುತ್ತದೆ. ತಾಮ್ರ ಹಿತ್ತಾಳೆ ಪಾತ್ರೆಯ ಕಲಾಯಿಯೂ ಇದೇ ತವರ, ಖಾಲಿ ಪಾತ್ರೆಯನ್ನು ಒಲೆ ಮೇಲೆ ಮರೆತರೆ ಕಲಾಯಿ ಹೋಗುವುದೂ ಇದೇ ಕಾರಣಕ್ಕೆ. ನೀರಿರುವ ಮಟ್ಟದವರೆಗೆ ತಗಡು 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಅದರ ಮೇಲೆ ತವರ ಕರಗಿ, ಕಬ್ಬಿಣ ಬೆತ್ತಲಾಗಿ, ಮರುದಿನವೇ ತುಕ್ಕು. ಹಳೆಯ ಡಬ್ಬಗಳ ಅಂಚಿನ ಬೆಸುಗೆಯಲ್ಲಿ ಸೀಸವೂ ಇರಬಹುದು. ಹಣ್ಣು, ಸಿಹಿತಿಂಡಿ ತುಂಬುವ ಡಬ್ಬಗಳ ಒಳಮೈಗೆ ಮೆರುಗೆಣ್ಣೆಯಂಥ ಲೇಪ ಇರುವುದುಂಟು, ಸುಟ್ಟರೆ ನಾತ ಹೊಡೆಯುತ್ತದೆ. ಈ ಡಬ್ಬಗಳೆಲ್ಲ ಒಲೆಗೆ ಸರಿ, ಅನ್ನಕ್ಕಲ್ಲ.

ಪಾತ್ರೆಗೆ ಉಳಿಯುವುದು ಎರಡೇ. ಸ್ಟೀಲ್ ಡಬ್ಬ, ಇಲ್ಲವೇ ಅಲ್ಯುಮಿನಿಯಂ ಕುಕ್ಕರಿನ ಅಡಿಭಾಗ.

ಸ್ಟೀಲ್ ಹೌದೋ ಅಲ್ಲವೋ ಎಂದು ಅಯಸ್ಕಾಂತ ಹಿಡಿದು ನೋಡುವ ರೂಢಿ ಇದೆ. ಅಂಟದಿದ್ದರೆ, ಡಬ್ಬ ತೂಕವಾಗಿಯೂ ಇದ್ದರೆ ಸ್ಟೀಲ್. ಅಂಟದೆ ಹಗುರವಾಗಿದ್ದರೆ ಅಲ್ಯುಮಿನಿಯಂ. ಅಂಟಿದರೆ ಮಾತ್ರ ಅನುಮಾನ ಬಾಕಿ ಉಳಿಯುತ್ತದೆ, ಏಕೆಂದರೆ ಅಂಟುವ ಜಾತಿಯ ಸ್ಟೀಲೂ ಇದೆ. ಡಬ್ಬದ ಅಡಿಗೆ ಮೊಳೆಯಿಂದ ಒಂದು ಗೀರು ಎಳೆದು, ಉಪ್ಪುನೀರಿನ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಗೀರು ಕೆಂಪಾಗಿದ್ದರೆ ಅದು ತಗಡು, ಹಾಗೇ ಹೊಳೆಯುತ್ತಿದ್ದರೆ ಸ್ಟೀಲ್.

ಕುಕ್ಕರಿನ ತಳ ಸುಮಾರು 3 ಮಿ.ಮೀ. ದಪ್ಪ, ಶಾಖವನ್ನು ಸಮನಾಗಿ ಹರಡುತ್ತದೆ. ಅನ್ನಕ್ಕೆ ಅದಕ್ಕಿಂತ ಒಳ್ಳೆಯ ಗುಜರಿ ಇಲ್ಲ. ಹಿಡಿಗಳ ಸ್ಕ್ರೂ ಬಿಚ್ಚಿ ಬೇಕಲೈಟ್ ತೆಗೆದು, ಅದೇ ತೂತುಗಳನ್ನು ತೂಗುಹಿಡಿಗೆ ಬಳಸಿಕೊಳ್ಳಬಹುದು. ಎರಡು ತೊಂದರೆ: ಹುಳಿ ಪದಾರ್ಥ ಅದರಲ್ಲಿ ಹೊತ್ತು ಕುದಿಯಬಾರದು, ಮತ್ತು ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ. ನೀರು ಆರಿದ ಮೇಲೂ ಉರಿ ಹಾಗೇ ಇದ್ದರೆ ತಳ ಮೊದಲು ಮೆದುವಾಗಿ ಜೋಲುತ್ತದೆ, ಆಮೇಲೆ ಉದುರುತ್ತದೆ. ಒಳಗೆ ಗುಂಡಿಗುಂಡಿ ಬಿದ್ದ ಕುಕ್ಕರನ್ನು ವಾಪಸ್ ಗುಜರಿಗೇ ಹಾಕಿ. ಕೆಳಗಿನ ಅಳತೆಗಳು ಸ್ಟೀಲ್ ಡಬ್ಬದವು. ಅದರಲ್ಲಿ ಸಾರು, ಹುಳಿ, ಅನ್ನ, ನೀರು ಎಲ್ಲವೂ ನಡೆಯುತ್ತವೆ.

ಪಾತ್ರೆ

20 ಸೆಂ.ಮೀ. ಅಗಲದ ಡಬ್ಬದಲ್ಲಿ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ 314 ಮಿಲಿಲೀಟರ್ ಹಿಡಿಯುತ್ತದೆ. ಪೂರ್ತಿ ತುಂಬಿದರೆ 6.2 ಲೀಟರ್ ಮೇಲಾಗುತ್ತದೆ, ಉಕ್ಕುವುದಕ್ಕೆ ಜಾಗ ಬಿಟ್ಟು 14 ಸೆಂ.ಮೀ.ವರೆಗೆ ತುಂಬಿದರೆ 4.4 ಲೀಟರ್. ಈ 14 ಎಂಬ ಅಂಕಿಯನ್ನು ನೆನಪಿಡಿ, ಬಳೆಯ ಲೆಕ್ಕದಲ್ಲಿ ಮತ್ತೆ ಬರುತ್ತದೆ.

ಹಿಡಿ ಸಿಕ್ಕಿಸಲು ಎರಡು ಕಿವಿ ಬೇಕು. ಮುರಿದ ಸ್ಟೀಲ್ ಸೌಟಿನ ಕಾವು ಇದಕ್ಕೆ ಹೇಳಿ ಮಾಡಿಸಿದ್ದು. 7 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ, ನಡುವಿನ ಎರಡೂವರೆ ಸೆಂ.ಮೀ. ಮಾತ್ರ 8 ಮಿ.ಮೀ. ಉಬ್ಬುವಂತೆ ಸೇತುವೆಯ ಹಾಗೆ ಬಗ್ಗಿಸಬೇಕು. ಎರಡೂ ತುದಿಗೆ ಒಂದೊಂದು ತೂತು. ಡಬ್ಬದ ಬಾಯಿಂದ 3 ಸೆಂ.ಮೀ. ಕೆಳಗೆ, ಅಂದರೆ ತಳದಿಂದ 17 ಸೆಂ.ಮೀ. ಎತ್ತರದಲ್ಲಿ, ಎದುರುಬದುರಾಗಿ ಕೂರಿಸಬೇಕು. ಎದುರುಬದುರು ಎಂದರೆ ಕಣ್ಣಂದಾಜಲ್ಲ. ಸುತ್ತಳತೆಗೆ ದಾರ ಸುತ್ತಿ, ದಾರವನ್ನು ಎರಡು ಮಡಿಕೆ ಮಾಡಿ ಗುರುತು ಹಾಕಿ. ಅರ್ಧ ಸೆಂ.ಮೀ. ತಪ್ಪಿದರೂ ಎತ್ತಿದಾಗ ಪಾತ್ರೆ ವಾಲುತ್ತದೆ, ನಾಲ್ಕು ಲೀಟರ್ ಕುದಿಯುವ ಸಾರು ವಾಲುವುದು ತಮಾಷೆಯಲ್ಲ.

ಸ್ಟೀಲಿಗೆ ತೂತು ಕೊರೆಯುವಾಗ ಡ್ರಿಲ್ ವೇಗವಾಗಿ ತಿರುಗಿಸಿ ಮೆಲ್ಲಗೆ ಒತ್ತುವುದು ಎಲ್ಲರೂ ಮಾಡುವ ತಪ್ಪು. ಸ್ಟೀಲು ಉಜ್ಜಿದಷ್ಟೂ ಗಡುಸಾಗುವ ಲೋಹ. ಡ್ರಿಲ್ಲಿನ ಬಿಟ್ (ಕೊರೆಯುವ ಮೊನೆ) ಕೊರೆಯದೆ ಬರೀ ಉಜ್ಜಿದರೆ ಆ ಜಾಗ ಕನ್ನಡಿಯಂತೆ ಹೊಳೆದು, ಮುಂದೆ ಯಾವ ಬಿಟ್ಟಿಗೂ ಜಗ್ಗುವುದಿಲ್ಲ. ಒಳಗಡೆ ಮರದ ತುಂಡು ಒತ್ತುಕೊಟ್ಟು, ಪಂಚಿನಿಂದ ಒಂದು ಚುಕ್ಕಿ ಹೊಡೆದು, ಎರಡು ಹನಿ ಎಣ್ಣೆ ಬಿಟ್ಟು, ನಿಧಾನ ವೇಗದಲ್ಲಿ ಗಟ್ಟಿಯಾಗಿ ಒತ್ತಬೇಕು. ಸುರುಳಿ ಸುರುಳಿಯಾಗಿ ಲೋಹ ಏಳುತ್ತಿದ್ದರೆ ಸರಿ, ಪುಡಿ ಬರುತ್ತಿದ್ದರೆ ಬಿಟ್ ಮೊಂಡಾಗಿದೆ. ಮೊದಲು 3 ಮಿ.ಮೀ., ಆಮೇಲೆ 5.2 ಮಿ.ಮೀ. ಈಗಾಗಲೇ ಗಡುಸಾಗಿ ಕೂತಿದ್ದರೆ ಹೊಸ ಕೋಬಾಲ್ಟ್ ಬಿಟ್ಟಿನಿಂದ ಒಳಗಡೆಯಿಂದ ಕೊರೆದು ನೋಡಿ.

ಜೋಡಿಸಲು ಎಂ5 ಅಳತೆಯ (5 ಮಿ.ಮೀ. ದಪ್ಪದ), 12 ಮಿ.ಮೀ. ಉದ್ದದ ಸ್ಟೀಲ್ ಬೋಲ್ಟು, ಒಳಗೂ ಹೊರಗೂ ವಾಷರ್. ಪಾಪ್ ರಿವೆಟ್ ಬೇಡವೇ ಬೇಡ. ಸುಲಭವೆಂದು ಹಾಕಿರುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ರಿವೆಟ್ ಅಲ್ಯುಮಿನಿಯಂನದು, ನೀರಿನ ಮಟ್ಟಕ್ಕಿಂತ ಮೇಲಿನ ಬಿಸಿಗೆ ಮೆದುವಾಗಿ ಸಡಿಲವಾಗುತ್ತದೆ. ಸಡಿಲವಾಗಿದ್ದು ಗೊತ್ತಾಗುವುದು ಪಾತ್ರೆ ಎತ್ತಿದಾಗಲೇ.

ಹಿಡಿಗೆ 4 ಮಿ.ಮೀ. ದಪ್ಪದ ಕಬ್ಬಿಣದ ತಂತಿ, 50 ಸೆಂ.ಮೀ. ಉದ್ದ. ಬಗ್ಗಿಸುವ ಮೊದಲೇ 10 ಸೆಂ.ಮೀ.ಯ ಬಿದಿರಿನ ಕೊಳವೆ ತೂರಿಸಿಡಿ, ಬಗ್ಗಿಸಿದ ಮೇಲೆ ತೂರುವುದಿಲ್ಲ. ನೀರಿನ ಪೈಪಿನ ತುಂಡು ಕರಗಿ ಕೈಗಂಟುತ್ತದೆ, ಬಿದಿರೇ ಸರಿ. ಎರಡೂ ತುದಿಯನ್ನು ಕೊಕ್ಕೆ ಮಾಡಿ ಕಿವಿಯೊಳಗೆ ತೂರಿಸಿ ಮೇಲಕ್ಕೆ ಮಡಚಿದರೆ ಮುಗಿಯಿತು.

ಡಬ್ಬದ ಮುಚ್ಚಳ ಇದ್ದರೆ ಅದೃಷ್ಟ. ಆದರೆ ಅಕ್ಕಿ ಡಬ್ಬದ ಮುಚ್ಚಳ ಬಿಗಿ, ಹಬೆಗೆ ದಾರಿ ಇರುವುದಿಲ್ಲ, ಕುದಿ ಬಂದಾಗ ಠಪ್ ಎಂದು ಹಾರುತ್ತದೆ. ಒಂದು ಅಂಚಿನಲ್ಲಿ 3 ಮಿ.ಮೀ.ಯ ಹದಿನೈದು ತೂತು ಕೊರೆದರೆ ಹಬೆಯೂ ಹೋಗುತ್ತದೆ, ಅದೇ ಅಂಚಿನಿಂದ ಗಂಜಿಯನ್ನೂ ಬಸಿಯಬಹುದು. ತೂತುಗಳನ್ನು ಎರಡು ಕಿವಿಗಳ ನಟ್ಟನಡುವೆ ಬರುವಂತೆ ಕೂರಿಸಿ, ಆಗ ಹಿಡಿ ಹಿಡಿದುಕೊಂಡೇ ಬಗ್ಗಿಸಿ ಬಸಿಯಲು ಬರುತ್ತದೆ.

ಮೊದಲ ಅಡುಗೆಗೆ ಮುಂಚೆ ಬೂದಿ ಹುಣಸೆಹಣ್ಣಿನಲ್ಲಿ ತಿಕ್ಕಿ, ಒಂದು ಹಿಡಿ ಹುಣಸೆ ಹಾಕಿ ನೀರು ಕುದಿಸಿ ಚೆಲ್ಲಿ. ಕೊರೆದಾಗಿನ ಎಣ್ಣೆ, ಲೋಹದ ಪುಡಿ ಅದರೊಂದಿಗೆ ಹೋಗುತ್ತದೆ.

ಒಲೆ

ರಾಕೆಟ್ ಒಲೆ ಎನ್ನುವುದು ಅಮೆರಿಕದ ಆರೆಗಾನ್‌ನ ಅಪ್ರೊವೆಚೊ ಸಂಸ್ಥೆಯಲ್ಲಿ ಲ್ಯಾರಿ ವಿನಿಯಾರ್ಸ್ಕಿ 1980ರ ದಶಕದಲ್ಲಿ ರೂಪಿಸಿದ ಮಾದರಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುತ್ತಿದ್ದ ಅಸ್ತ್ರ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಅದು ಮನೆಯೊಳಗೆ ಮಣ್ಣಿನಲ್ಲಿ ಕಟ್ಟುವ, ಮೂರು ಪಾತ್ರೆಯ, ಹೊಗೆ ಕೊಳವೆ ಇರುವ ಸ್ಥಿರ ಒಲೆ. ಎತ್ತಿಕೊಂಡು ಹೋಗುವ ಬಯಲ ಕೆಲಸಕ್ಕೆ ರಾಕೆಟ್ಟೇ ಅನುಕೂಲ. ತತ್ವ ಸರಳ: ಅಡ್ಡ ಕೊಳವೆಯಿಂದ ಸೌದೆ ಮತ್ತು ಗಾಳಿ, ನೆಟ್ಟಗಿನ ಕೊಳವೆಯಲ್ಲಿ ಉರಿ, ಸುತ್ತ ಶಾಖ ಕುಡಿಯದ ಹಗುರ ಪದಾರ್ಥ. ಕೊಳವೆ ಬಿಸಿಯಾಗಿದ್ದರೆ ಹೊಗೆಯೂ ಉರಿದುಹೋಗುತ್ತದೆ.

ಕೊಳವೆಗೆ ಒಂದು ಕೆ.ಜಿ. ರಸಗುಲ್ಲದ ಡಬ್ಬ ಸರಿಯಾದ ಅಳತೆ: ಸುಮಾರು 10 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ನಾಲ್ಕು ಬೇಕು. ಒಂದು ಅಡ್ಡಕ್ಕೆ, ಮೂರು ನೆಟ್ಟಗೆ. ನೆಟ್ಟಗಿನ ಮೊದಲ ಡಬ್ಬದ ತಳ ಹಾಗೇ ಇರಲಿ, ಉಳಿದವುಗಳ ತಳ ತೆಗೆಯಿರಿ. ಮೂರನೆಯದನ್ನು 9 ಸೆಂ.ಮೀ.ಗೆ ಕತ್ತರಿಸಿ, ಒಂದರೊಳಗೊಂದು ಒಂದೂವರೆ ಸೆಂ.ಮೀ. ತೂರಿಸಿದರೆ ಒಟ್ಟು 30 ಸೆಂ.ಮೀ. ಕೊಳವೆ ಆಗುತ್ತದೆ, ಅಂದರೆ ಅಗಲದ ಮೂರು ಪಟ್ಟು. ಇದಕ್ಕಿಂತ ಗಿಡ್ಡವಾದರೆ ಗಾಳಿಯ ಎಳೆತ ಸಾಲದು, ಬಹಳ ಉದ್ದವಾದರೆ ಪಾತ್ರೆ ಮುಟ್ಟುವ ಮೊದಲೇ ಶಾಖ ಸೋರುತ್ತದೆ.

ಎಣ್ಣೆ ಡಬ್ಬ ಹೆಚ್ಚುಕಡಿಮೆ ಇಪ್ಪತ್ಮೂರೂವರೆ ಸೆಂ.ಮೀ. ಚದರ, 34 ಸೆಂ.ಮೀ. ಎತ್ತರ ಇರುತ್ತದೆ. ನಿಮ್ಮ ಡಬ್ಬವನ್ನು ಅಳೆದೇ ಮುಂದುವರಿಯಿರಿ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಎಣ್ಣೆ ಜಿಡ್ಡು ತೊಳೆಯಬೇಕು, ಇಲ್ಲದಿದ್ದರೆ ಮೊದಲ ನಾಲ್ಕು ಸಲ ಕಮಟು ವಾಸನೆ ಬಿಡುವುದಿಲ್ಲ. ಮುಂಭಾಗದಲ್ಲಿ, ತಳದಿಂದ 9 ಸೆಂ.ಮೀ. ಎತ್ತರಕ್ಕೆ ನಡು ಬರುವಂತೆ ರಸಗುಲ್ಲದ ಡಬ್ಬದ ವೃತ್ತ ಗೀಚಿ. ವೃತ್ತವನ್ನು ಪೂರ್ತಿ ಕತ್ತರಿಸದೆ ನಡುವಿನಿಂದ ಅಂಚಿಗೆ ಎಂಟು ಸೀಳು ಕೊಟ್ಟು ನಾಲಗೆಗಳನ್ನು ಹೊರಕ್ಕೆ ಬಗ್ಗಿಸಿದರೆ ಅವೇ ಅಡ್ಡ ಡಬ್ಬವನ್ನು ಹಿಡಿದುಕೊಳ್ಳುತ್ತವೆ. ಇಲ್ಲಿ ಚರ್ಮದ ಕೈಗವಸು ಬೇಕೇಬೇಕು. ಹೊಸದಾಗಿ ಕತ್ತರಿಸಿದ ತಗಡಿನ ಅಂಚು ಬ್ಲೇಡಿಗಿಂತ ಕೆಟ್ಟದ್ದು. ಎಲ್ಲೆಲ್ಲಿ ಅಂಚು ಹೊರಗೆ ಕಾಣುತ್ತದೋ ಅಲ್ಲೆಲ್ಲ 5 ಮಿ.ಮೀ. ಮಡಚಿ ಕೊಡತಿಯಿಂದ ಬಡಿಯಿರಿ.

ಡಬ್ಬದ ಮೇಲ್ಮುಚ್ಚಳದ ನಡುವೆ 10 ಸೆಂ.ಮೀ. ರಂಧ್ರ ಮಾಡಿ, ಆಮೇಲೆ ಮೂರು ಬದಿ ಕತ್ತರಿಸಿ ಬಾಗಿಲಿನಂತೆ ಎತ್ತಿ. ಒಳಗೆ ತಳಕ್ಕೆ 4 ಸೆಂ.ಮೀ. ಬೂದಿ ಹರಡಿ, ಅದರ ಮೇಲೆ ನೆಟ್ಟಗಿನ ಕೊಳವೆ. ಕೊಳವೆಯ ಕೆಳಡಬ್ಬದ ಬದಿಗೆ 9 ಸೆಂ.ಮೀ. ಅಗಲದ ರಂಧ್ರ ಮೊದಲೇ ಮಾಡಿರಬೇಕು. ಅಡ್ಡ ಡಬ್ಬದ ಒಳತುದಿಯನ್ನು ಒಂದೂವರೆ ಸೆಂ.ಮೀ. ಆಳಕ್ಕೆ ಅಲ್ಲಲ್ಲಿ ಸೀಳಿ, ಆ ರಂಧ್ರದೊಳಗೆ ತೂರಿಸಿ ನಾಲಗೆಗಳನ್ನು ಮಡಚಿ. ಈ ಸಂದಿಯಲ್ಲಿ ಬೂದಿ ಸೋರಿದರೆ ಒಲೆ ನಿಧಾನವಾಗಿ ಉಸಿರುಗಟ್ಟುತ್ತದೆ, ಕಾರಣವೂ ತಿಳಿಯುವುದಿಲ್ಲ. ಹಸಿ ಮಣ್ಣಿನಿಂದ ಸಂದಿ ಮೆತ್ತಿ. ಅಡ್ಡ ಡಬ್ಬ ಸುಮಾರು 4 ಸೆಂ.ಮೀ. ಹೊರಗೆ ಚಾಚಿರುತ್ತದೆ, ಸೌದೆಗೆ ಅದೇ ಜಗಲಿ.

ಈಗ ಸುತ್ತ ತುಂಬುವುದು. ಸುಮಾರು 16 ಲೀಟರ್ ಜಾಗ. ಅಕ್ಕಿ ಗಿರಣಿಯ ಭತ್ತದ ಹೊಟ್ಟಿನ ಬೂದಿ ಎಲ್ಲಕ್ಕಿಂತ ಒಳ್ಳೆಯದು. ಗಂಗಾವತಿ, ಸಿಂಧನೂರು, ದಾವಣಗೆರೆ ಕಡೆಯವರಿಗೆ ಇದು ಬೇಡವೆಂದರೂ ಸಿಗುತ್ತದೆ. ಬಹುಪಾಲು ಸಿಲಿಕಾ, ಹತ್ತಿಯಷ್ಟು ಹಗುರ. ಬಿಳಿ ಅಥವಾ ಬೂದು ಬಣ್ಣದ್ದನ್ನೇ ಆರಿಸಿ. ಕಪ್ಪು ಬೂದಿಯಲ್ಲಿ ಇನ್ನೂ ಇಂಗಾಲ ಇರುತ್ತದೆ, ಕೊಳವೆಯ ಪಕ್ಕ ಅದು ಒಳಗೊಳಗೇ ಕೆಂಡವಾಗಿ ಕುಸಿಯುತ್ತದೆ. ಹೊಟ್ಟಿನ ಬೂದಿ ಸಿಗದಿದ್ದರೆ ಜರಡಿ ಹಿಡಿದ ಸೌದೆ ಬೂದಿ. ಅಂಗೈಯಿಂದ ಒತ್ತಿದರೆ ಸಾಕು, ಒನಕೆಯಿಂದ ಕುಟ್ಟಿದರೆ ಒಳಗಿನ ಗಾಳಿ ಹೋಗುತ್ತದೆ, ಶಾಖ ತಡೆಯುವುದು ಆ ಗಾಳಿಯೇ.

ಮರಳು ತುಂಬುವವರು ಬಹಳ. ಗಟ್ಟಿಯಾಗಿ ಕೂರುತ್ತದೆ, ಅಲ್ಲಾಡುವುದಿಲ್ಲ, ನೋಡಲು ಭದ್ರ. ಲೆಕ್ಕ ನೋಡಿ: 16 ಲೀಟರ್ ಮರಳೆಂದರೆ ಸುಮಾರು 25 ಕೆ.ಜಿ. ಅದು ಸರಾಸರಿ 100 ಡಿಗ್ರಿ ಬಿಸಿಯಾಗಲು 2,000 ಕಿಲೋಜೂಲ್ ಬೇಕು. ಎರಡು ಲೀಟರ್ ನೀರು ಕುದಿಸಲು ಬೇಕಾದದ್ದು 610 ಕಿಲೋಜೂಲ್. ಪಾತ್ರೆಗಿಂತ ಮೂರು ಪಟ್ಟು ಶಾಖವನ್ನು ಮರಳೇ ಕುಡಿಯುತ್ತದೆ, ಅಷ್ಟು ಹೊತ್ತೂ ಕೊಳವೆ ತಣ್ಣಗಿದ್ದು ಹೊಗೆ.

ಅಡ್ಡ ಡಬ್ಬದೊಳಗೆ ಒಂದು ತಗಡಿನ ತಟ್ಟೆ ಇಡಬೇಕು, ತಳದಿಂದ ಮೂರನೇ ಒಂದು ಭಾಗದ ಎತ್ತರಕ್ಕೆ. ಸೌದೆ ತಟ್ಟೆಯ ಮೇಲೆ, ಗಾಳಿ ತಟ್ಟೆಯ ಕೆಳಗೆ. ಅಂಗೈಯಷ್ಟು ತಗಡು, ಆದರೆ ಇದಿಲ್ಲದಿದ್ದರೆ ಸೌದೆಯೇ ಗಾಳಿಯ ದಾರಿಗೆ ಅಡ್ಡ ಮಲಗುತ್ತದೆ, ನೀವು ಊದುಗೊಳವೆ ಹಿಡಿದು ಕೂರಬೇಕಾಗುತ್ತದೆ.

ಪಾತ್ರೆಯ ಭಾರ ತಗಡಿನ ಮುಚ್ಚಳದ ಮೇಲೆ ಬೀಳಬಾರದು, ಐದು ಕೆ.ಜಿ.ಗೆ ಅದು ಕುಳಿ ಬೀಳುತ್ತದೆ. ಕೊಳವೆಯ ಎರಡೂ ಪಕ್ಕ, ಡಬ್ಬದ ಅಂಚಿನಿಂದ ಅಂಚಿಗೆ, 24 ಸೆಂ.ಮೀ. ಉದ್ದದ 3 ಮಿ.ಮೀ. ಕಬ್ಬಿಣದ ಪಟ್ಟಿ ಎರಡು. ಅದರ ಮೇಲೆ ಹಳೆ ಗ್ಯಾಸ್ ಸ್ಟವ್ವಿನ ಪಾತ್ರೆ ಇಡುವ ಸ್ಟ್ಯಾಂಡು. ಪಟ್ಟಿ ಸೇರಿ ಒಟ್ಟು ಎತ್ತರ ಎರಡೂವರೆ ಸೆಂ.ಮೀ. ಇರಬೇಕು. ಹೆಚ್ಚಿದ್ದರೆ ಕಾಲುಗಳನ್ನು ಅರದಿಂದ ಉಜ್ಜಿ, ಕಡಿಮೆ ಇದ್ದರೆ ಅಡಿಗೆ ನಟ್ಟು ಇಡಿ. ಯಾಕೆ ಎರಡೂವರೆಯೇ?

ಆ ಒಂದೂಕಾಲು ಸೆಂಟಿಮೀಟರ್

10 ಸೆಂ.ಮೀ. ಅಗಲದ ಕೊಳವೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಬಿಸಿಗಾಳಿ ಕೊಳವೆಯಿಂದ ಹೊರಬಿದ್ದು, ಪಾತ್ರೆಯ ತಳಕ್ಕೆ ಬಡಿದು, ಸುತ್ತ ಹರಡಿ, ಬದಿಯಲ್ಲಿ ಮೇಲೇರಿ ಹೋಗುವ ತನಕ ಅದಕ್ಕೆ ಇದೇ 78.5ರ ದಾರಿ ಸಿಗುತ್ತಿರಬೇಕು. ಕಿರಿದಾದರೆ ಗಾಳಿ ಹಿಂದಕ್ಕೆ ತಳ್ಳಿ ಸೌದೆಯ ಬಾಯಿಂದ ಹೊಗೆ ಬರುತ್ತದೆ. ಅಗಲವಾದರೆ ಬಿಸಿಗಾಳಿ ಪಾತ್ರೆಗೆ ತಾಗದೆ ನಡುವೆಯೇ ನುಸುಳಿ ಹೋಗುತ್ತದೆ.

ಕೊಳವೆಯ ಬಾಯಂಚಿನ ಸುತ್ತಳತೆ 31.4 ಸೆಂ.ಮೀ. 78.5ನ್ನು 31.4ರಿಂದ ಭಾಗಿಸಿದರೆ 2.5. ಪಾತ್ರೆ ಕೊಳವೆಯಿಂದ ಇಷ್ಟು ಎತ್ತರದಲ್ಲಿರಬೇಕು. ಪಾತ್ರೆಯ ಸುತ್ತಳತೆ 62.8. ಭಾಗಿಸಿದರೆ 1.25. ಬಳೆಗೂ ಪಾತ್ರೆಗೂ ನಡುವೆ ಇಷ್ಟು ಜಾಗ. ಒಂದೂಕಾಲು ಸೆಂ.ಮೀ. ಎಂದರೆ ಕಿರುಬೆರಳು ಆಡುವಷ್ಟು.

ಪಾತ್ರೆಯ ಅಗಲ ಬೇರೆಯಿದ್ದರೆ ಹೀಗೇ ಲೆಕ್ಕ ಹಾಕಿ. 16 ಸೆಂ.ಮೀ. ಪಾತ್ರೆಗೆ 1.56 ಬರುತ್ತದೆ, 24 ಸೆಂ.ಮೀ.ಯದಕ್ಕೆ 1.04. ಎಣ್ಣೆ ಡಬ್ಬದ ತಲೆಯ ಮೇಲೆ ಬಳೆ ಕೂರಬೇಕಾದ್ದರಿಂದ 21 ಸೆಂ.ಮೀ.ಗಿಂತ ದೊಡ್ಡ ಪಾತ್ರೆ ಈ ಒಲೆಗೆ ಹೊಂದುವುದಿಲ್ಲ.

ಬಳೆ ಮಾಡುವುದು ಹೀಗೆ. ಎರಡನೇ ಎಣ್ಣೆ ಡಬ್ಬದ ತಲೆ, ತಳ ತೆಗೆದು ಒಂದು ಮೂಲೆಯಲ್ಲಿ ಸೀಳಿ ಬಿಚ್ಚಿದರೆ 94 ಸೆಂ.ಮೀ. ಉದ್ದ, 34 ಸೆಂ.ಮೀ. ಅಗಲದ ಹಾಳೆ. ಉದ್ದಕ್ಕೆ ಎರಡಾಗಿ ಸೀಳಿದರೆ 17 ಸೆಂ.ಮೀ. ಅಗಲದ ಎರಡು ಪಟ್ಟಿ. ಪಾತ್ರೆಯ ಸುತ್ತಳತೆಗೆ 8 ಸೆಂ.ಮೀ. ಸೇರಿಸಿದರೆ ಬಳೆಯ ಸುತ್ತಳತೆ, ಮೇಲುಹಾಸಿಗೆ ಇನ್ನು 3. ಒಟ್ಟು 74 ಸೆಂ.ಮೀ. ಉಳಿದ 20 ಸೆಂ.ಮೀ. ತುಂಡಿನಿಂದ ಸೌದೆಯ ತಟ್ಟೆ. ಡಬ್ಬದ ಮೂಲೆಗಳ ಮಡಿಕೆ ಹಾಗೇ ಉಳಿದು ಬಳೆ ಚೌಕಕ್ಕೆ ಎಳೆಯುತ್ತದೆ. ಒನಕೆಯ ಮೇಲೆ ಹಾಕಿ ಕೊಡತಿಯಿಂದ ಮೆಲ್ಲಗೆ ಬಡಿದು ಗುಂಡಗೆ ತನ್ನಿ. ಮೇಲುಹಾಸಿಗೆ ಎರಡು ಎಂ4 ಬೋಲ್ಟು. ಡಬ್ಬದ ಬಣ್ಣದ ಚಿತ್ರ ಸುಟ್ಟು ಹೋಗುವವರೆಗೆ ಬಳೆಯನ್ನು ಖಾಲಿ ಬೆಂಕಿಯಲ್ಲಿ ಕಾಯಿಸಿ. ಆ ಹೊಗೆಯಿಂದ ದೂರ ನಿಲ್ಲಿ. ತವರ ಹೋಗಿ ತುಕ್ಕು ಹಿಡಿಯತೊಡಗುತ್ತದೆ, ಬಿಸಿಯಿರುವಾಗಲೇ ಎಣ್ಣೆ ಬಟ್ಟೆ ಎಳೆದರೆ ತಡೆಯುತ್ತದೆ.

17 ಸೆಂ.ಮೀ. ಬಳೆಯಲ್ಲಿ ಮೇಲಂಚಿನ ಮಡಿಕೆಗೆ ಅರ್ಧ, ಸ್ಟ್ಯಾಂಡಿನ ಎತ್ತರಕ್ಕೆ ಎರಡೂವರೆ ಹೋಗಿ, ಪಾತ್ರೆಯ 14 ಸೆಂ.ಮೀ. ಮುಚ್ಚುತ್ತದೆ. ಕಿವಿಗಳಿರುವುದು 17ರಲ್ಲಿ, ಅಡ್ಡ ಬರುವುದಿಲ್ಲ. ತುಂಬುವ ಮಟ್ಟವೂ 14. ಇದು ಕಾಕತಾಳೀಯವಲ್ಲ. ಬಿಸಿಗಾಳಿ ತಾಗುವ ಕಡೆಯಲ್ಲೆಲ್ಲ ಒಳಗೆ ನೀರೋ ಸಾರೋ ಇರಬೇಕು. ಒಂದೂವರೆ ಲೀಟರ್ ಮಾತ್ರ ಹಾಕಿದರೆ ಮಟ್ಟ ಐದು ಸೆಂ.ಮೀ.ಯೂ ಬರುವುದಿಲ್ಲ, ಅದರ ಮೇಲಿನ ಒಣ ಗೋಡೆ ಕಾದು, ಸಾರು ಕುದಿದು ಎರಚಿದ್ದೆಲ್ಲ ಅಲ್ಲಿ ಸೀದು ಕರಿ ಉಂಗುರ ಕಟ್ಟುತ್ತದೆ. ಸೀದ ವಾಸನೆ ತಳದಿಂದ ಬಂತೆಂದು ಉರಿ ತಗ್ಗಿಸುತ್ತಾರೆ, ತಳ ನೋಡಿದರೆ ಸ್ವಚ್ಛ! ಎರಡನೇ ಪಟ್ಟಿ ಇರುವುದು ಇದಕ್ಕೇ. ಅದನ್ನು ಎಂಟೂವರೆ ಸೆಂ.ಮೀ.ಗೆ ತಗ್ಗಿಸಿದರೆ ಸುಮಾರು ಎರಡು ಲೀಟರಿನ ಅಡುಗೆಗೆ ಗಿಡ್ಡ ಬಳೆ.

ಕಬ್ಬಿಣದ ಪಟ್ಟಿಗಳಿಂದಾಗಿ ಬಳೆಯ ಅಡಿಯಲ್ಲಿ 3 ಮಿ.ಮೀ. ಸಂದಿ ಉಳಿಯುತ್ತದೆ. ಹಸಿ ಮಣ್ಣಿನಿಂದ ಮೆತ್ತಿ ಮುಚ್ಚಿ.

ಉರಿ

ಅಡುಗೆಗೆ ಇಳಿಯುವ ಮೊದಲು ಬರೀ ಎರಡು ಲೀಟರ್ ನೀರಿಟ್ಟು, ಸೌದೆಯನ್ನು ತೂಗಿ ಪರೀಕ್ಷೆ ಮಾಡಿ. 27 ಡಿಗ್ರಿಯ ನೀರನ್ನು 100ಕ್ಕೆ ತರಲು 610 ಕಿಲೋಜೂಲ್. ಒಣಸೌದೆಯಲ್ಲಿ ಕಿಲೋಗೆ ಸುಮಾರು 16,000 ಕಿಲೋಜೂಲ್ ಇರುತ್ತದೆ. ನೂರಕ್ಕೆ ಮೂವತ್ತು ಪಾತ್ರೆಗೆ ಮುಟ್ಟಿದರೆ 130 ಗ್ರಾಂ ಸೌದೆ ಸಾಕು. ಹತ್ತು ಮಾತ್ರ ಮುಟ್ಟಿದರೆ 380 ಗ್ರಾಂ, ಗಾಳಿಗೆ ಒಡ್ಡಿದ ಮೂರು ಕಲ್ಲಿನ ಒಲೆ ಆ ಮಟ್ಟದ್ದು. ನಿಮ್ಮದು 200 ಗ್ರಾಂ ದಾಟಿದರೆ ಬಳೆಯ ಅಂತರ ಮತ್ತೆ ಅಳೆಯಿರಿ.

ಸೌದೆ ಹೆಬ್ಬೆರಳು ದಪ್ಪ, ಒಣಗಿದ್ದು. ಕಲಬುರಗಿ ಕಡೆಯ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಲಂಟಾನದ ಕಡ್ಡಿ, ಸರ್ವೆ, ತೆಂಗಿನ ಮಟ್ಟೆ ಸೀಳು ಎಲ್ಲ ನಡೆಯುತ್ತವೆ. ದೊಡ್ಡ ಕೊರಡು ಬೇಡದಿರುವುದೇ ಈ ಒಲೆಯ ದೊಡ್ಡ ಅನುಕೂಲ. ತೊಗರಿ ಕಟ್ಟಿಗೆ ಬೇಗ ಉರಿಯುತ್ತದೆ, ಪಕ್ಕದಲ್ಲಿ ಒಬ್ಬರು ಕೂತು ತಳ್ಳುತ್ತಲೇ ಇರಬೇಕು. ತೆಂಗಿನ ಚಿಪ್ಪು ಒಂದೆರಡು ಚೂರು ಹಾಕಿದರೆ ಉರಿ ಚುರುಕಾಗುತ್ತದೆ. ಕಣಗಿಲೆ ಕಡ್ಡಿ ಮಾತ್ರ ಒಲೆಗೂ ಬೇಡ, ಸೌಟಿನ ಬದಲಿಗೂ ಬೇಡ. ಅದರ ಹೊಗೆಯೂ ವಿಷ.

ಹಚ್ಚುವಾಗ ತೆಂಗಿನ ನಾರು, ಪುಳ್ಳೆಗಳನ್ನು ತಟ್ಟೆಯ ಒಳತುದಿಗೆ, ಕೊಳವೆಯ ನೇರ ಕೆಳಗೆ ತಳ್ಳಿ ಹಚ್ಚಿ. ಮೊದಲ ಒಂದೆರಡು ನಿಮಿಷ ಹೊಗೆ ಸಹಜ, ಕೊಳವೆ ಕಾದೊಡನೆ ಗುರ್‌ರ್ ಎಂಬ ಸದ್ದು ಶುರುವಾಗುತ್ತದೆ. ಆಮೇಲೂ ಹೊಗೆ ನಿಲ್ಲದಿದ್ದರೆ ಸೌದೆ ಹಸಿ, ಇಲ್ಲವೇ ಬಾಯಿ ತುಂಬ ತುರುಕಿದ್ದೀರಿ. ಮೂರು ನಾಲ್ಕು ಕಡ್ಡಿ ಸಾಕು. ಗಾಳಿ ಎದುರಿಂದ ರಭಸವಾಗಿ ಬೀಸುತ್ತಿದ್ದರೆ ಒಲೆಯನ್ನು ಅಡ್ಡ ತಿರುಗಿಸಿ. ಉರಿ ತಗ್ಗಿಸಬೇಕೆಂದರೆ ಕಡ್ಡಿಯನ್ನು ಹಿಂದಕ್ಕೆ ಎಳೆದರಾಯಿತು.

ಇದು ಬಯಲಿನದು. ಕೆಂಡ ಉಳಿದ ಒಲೆಯನ್ನು ಚಳಿಯೆಂದು ಡೇರೆಯೊಳಗೋ ಮುಚ್ಚಿದ ಕೋಣೆಗೋ ಒಯ್ದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯನ್ನೇ ಕೊಡದೆ ಮಲಗಿಸಿಬಿಡುತ್ತದೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಒಲೆ ಎಷ್ಟು ಚೆನ್ನಾಗಿದ್ದರೂ.

ಅನ್ನಕ್ಕೆ ಅಕ್ಕಿ ಡಬ್ಬದ ತಳ ತೆಳು, ಅರ್ಧ ಮಿ.ಮೀ. ಆಸುಪಾಸು. ಜ್ವಾಲೆ ನಡುವಿಗೇ ಬಡಿಯುವುದರಿಂದ ನಡುವೆ ತಳ ಹಿಡಿಯುತ್ತದೆ. ಹಳೆಯ ಕಬ್ಬಿಣದ ಹೆಂಚನ್ನು ಸ್ಟ್ಯಾಂಡಿನ ಮೇಲಿಟ್ಟು ಅದರ ಮೇಲೆ ಪಾತ್ರೆ ಇಟ್ಟರೆ ಪರಿಹಾರ, ಕುದಿ ಬರಲು ಸ್ವಲ್ಪ ತಡ. ಹೆಂಚು ಪಾತ್ರೆಗಿಂತ ಅಗಲವಾಗಿರಬಾರದು, ಬಳೆಯ ದಾರಿ ಮುಚ್ಚುತ್ತದೆ. ಹೆಂಚಿಲ್ಲದಿದ್ದರೆ ಒಂದು ಕೆ.ಜಿ. ಅಕ್ಕಿಗೆ ಎರಡೂವರೆ ಲೀಟರ್ ನೀರು ಹಾಕಿ, ಅಕ್ಕಿಯ ಮೇಲಿನ ನೀರು ಇಂಗಿದೊಡನೆ ಕಡ್ಡಿಗಳನ್ನು ಪೂರ್ತಿ ಎಳೆದುಬಿಡಿ. ಬಳೆಯೊಳಗಿನ ಬಿಸಿ, ಅಡಿಯ ಕೆಂಡ ಉಳಿದ ಹತ್ತು ಹದಿನೈದು ನಿಮಿಷದ ಕೆಲಸ ಮುಗಿಸುತ್ತವೆ.

ಬೇಳೆಯ ವಿಷಯದಲ್ಲಿ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. ಕರಾವಳಿಯಲ್ಲಿ 100, ಬೆಂಗಳೂರಿನಲ್ಲಿ 97, ಚಿಕ್ಕಮಗಳೂರಿನ ಗಿರಿಸಾಲಿನ ಎತ್ತರದ ಕಾಫಿ ತೋಟಗಳಲ್ಲಿ ಇನ್ನೂ ಕಡಿಮೆ. ಕುಕ್ಕರಿನ ಒತ್ತಡ ಇಲ್ಲದ ಈ ಪಾತ್ರೆಯಲ್ಲಿ ತೊಗರಿ ಬೇಳೆ ಅಲ್ಲಿ ಸತಾಯಿಸುತ್ತದೆ. ಒಂದು ಗಂಟೆ ನೆನೆಹಾಕಿ, ಹುಣಸೆಯನ್ನು ಬೇಳೆ ಬೆಂದ ಮೇಲೆಯೇ ಹಾಕಿ. ಹೆಸರುಬೇಳೆಯಾದರೆ ತಕರಾರಿಲ್ಲ.

ಮಸಿಗೆ ಹಳೆಯ ಉಪಾಯವೇ ಸರಿ. ಕೆಮ್ಮಣ್ಣು, ಬೂದಿ ಸಮಸಮ ಕಲಸಿ, ಒಲೆಗಿಡುವ ಮುಂಚೆ ಪಾತ್ರೆಯ ಹೊರಮೈಗೆ ತೆಳ್ಳಗೆ ಬಳಿಯಿರಿ. ಒಗ್ಗರಣೆ ಸೌಟಿನ ಹಿಂಬದಿಯಿಂದ ಸವರಿದಷ್ಟು ತೆಳುವಿರಲಿ, ಮೆತ್ತಿದರೆ ಶಾಖ ತಡೆಯುತ್ತದೆ. ಅಡುಗೆ ಮುಗಿದ ಮೇಲೆ ನೀರು ಬಿಟ್ಟರೆ ಮಸಿ ಮಣ್ಣಿನೊಂದಿಗೆ ಕಳಚಿ ಬೀಳುತ್ತದೆ.

ಮೊದಲು ಹಾಳಾಗುವುದು ರಸಗುಲ್ಲದ ಡಬ್ಬಗಳು, ಅದರಲ್ಲೂ ಕೊಳವೆಯ ಕೆಳಗಿನದು. ತೆಳು ತಗಡು ಕೆಂಪಗೆ ಕಾದು ಪದರ ಪದರವಾಗಿ ಉದುರುತ್ತದೆ. ಕೊಳವೆಗೆ ತಾಗಿದಂತೆ ಎರಡು ಬೆರಳು ದಪ್ಪ ಮಾತ್ರ ಬೂದಿಗೆ ಕಾಲುಭಾಗ ಜೇಡಿಮಣ್ಣು ಕಲಸಿ ತುಂಬಿದ್ದರೆ, ತಗಡು ಹೋಗುವ ಹೊತ್ತಿಗೆ ಆ ಮಣ್ಣು ಬೆಂದು ತಾನೇ ಕೊಳವೆಯಾಗಿ ನಿಂತಿರುತ್ತದೆ. ಮಳೆಗಾಲದಲ್ಲಿ ಒಲೆಯ ಬಾಯಿಗೆ ಅಡಿಕೆ ಹಾಳೆ ಕವುಚಿ ಕಟ್ಟಿಡಿ. ನೀರು ಕುಡಿದ ಬೂದಿ ಒಣಗುವ ತನಕ ಮೊದಲ ಅರ್ಧ ಗಂಟೆ ಬರೀ ಹಬೆ, ಹೊಗೆ. ಬೂದಿ ಕುಸಿದು ಮೇಲೆ ಪೊಳ್ಳಾಗಿದೆಯೇ ಎಂದು ತಿಳಿಯಲು ಡಬ್ಬದ ತಲೆಯ ಮೇಲೆ ಬೆರಳಿನಿಂದ ತಟ್ಟಿ ನೋಡಿ. ಡಣಡಣ ಎಂದರೆ ಬಾಗಿಲೆತ್ತಿ ಇನ್ನೆರಡು ಬೊಗಸೆ ಬೂದಿ ತುಂಬಿ.